ದೇವರು ಕ್ಷಮಿಸಿಬಿಟ್ಟರೆ ನ್ಯಾಯ ಎಲ್ಲಿ ಹೋಯಿತು?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಇಲ್ಲಿ ತುಂಬಾ ದಿನದಿಂದ ಓದುತ್ತಿದ್ದೇನೆ, ಬರೆಯುತ್ತಿರುವುದು ಇದೇ ಮೊದಲು. ಪ್ರಶ್ನೆ ದೇವರ ವಿಷಯದ್ದು, ಆದರೆ ಹುಟ್ಟಿದ್ದು ಮನೆಯಲ್ಲಿ.

ಆರು ವರ್ಷದ ಹಿಂದೆ ನನ್ನ ಅಣ್ಣ ನನ್ನ ಸಹಿಯನ್ನು ತಾನೇ ಹಾಕಿ, ಅಪ್ಪನ ಆಸ್ತಿಯಲ್ಲಿ ನನ್ನ ಪಾಲನ್ನು ಮಾರಿಕೊಂಡ. ಆ ಕಾಗದದ ಜೆರಾಕ್ಸ್ ನನ್ನ ಹತ್ತಿರ ಇದೆ. ನನ್ನ ಸಹಿಯಲ್ಲಿ ಕೊನೆಯ ಅಕ್ಷರದ ಬಾಲ ಕೆಳಗೆ ಇಳಿಯುತ್ತದೆ. ಅವನು ಮೇಲಕ್ಕೆ ಎಳೆದಿದ್ದಾನೆ. ಎಷ್ಟು ಸಲ ನೋಡಿದ್ದೇನೋ, ಕಣ್ಣು ಮುಚ್ಚಿದರೂ ಆ ಗೆರೆ ಕಾಣುತ್ತದೆ.

ಕಳೆದ ವರ್ಷ ಅಣ್ಣ ಸಭೆಗೆ, ಅಂದರೆ ಚರ್ಚಿಗೆ, ಹೋಗಲು ಶುರು ಮಾಡಿದ. ದೀಕ್ಷಾಸ್ನಾನ ಆಯಿತು. ಎಲ್ಲರ ಮುಂದೆ ಅಳುತ್ತಾ ಸಾಕ್ಷಿ ಹೇಳಿದ, ದೇವರು ನನ್ನ ಪಾಪವನ್ನೆಲ್ಲ ಕ್ಷಮಿಸಿದ್ದಾನೆ ಎಂದ. ಯಾವ ಪಾಪ ಅಂತ ಹೇಳಲಿಲ್ಲ. ಎಲ್ಲರೂ ಚಪ್ಪಾಳೆ ತಟ್ಟಿದರು. ಅಮ್ಮ ನನ್ನ ಕೈ ಹಿಡಿದು, "ದೇವರೇ ಕ್ಷಮಿಸಿದ ಮೇಲೆ ನಿನ್ನದೇನಪ್ಪಾ, ಬಿಟ್ಟುಬಿಡು" ಎಂದರು.

ನಾನೂ ನಂಬುವವನೇ. ಅದಕ್ಕೇ ಇಷ್ಟು ಕಷ್ಟ. ದೇವರು ನ್ಯಾಯವಂತ ಎನ್ನುತ್ತೇವೆ, ಕರುಣಾಮಯಿ ಎನ್ನುತ್ತೇವೆ, ಎರಡನ್ನೂ ಒಂದೇ ಉಸಿರಲ್ಲಿ ಹೇಳುತ್ತೇವೆ. "ಯೇಸು ಶಿಕ್ಷೆ ಅನುಭವಿಸಿದ, ಲೆಕ್ಕ ಚುಕ್ತಾ" ಅನ್ನುವ ಉತ್ತರ ಚಿಕ್ಕಂದಿನಿಂದ ಕೇಳಿದ್ದೇನೆ. ಆದರೆ ತಪ್ಪು ಮಾಡಿದ್ದು ಅಣ್ಣ, ಪೆಟ್ಟು ತಿಂದದ್ದು ಯೇಸು, ಕಳೆದುಕೊಂಡದ್ದು ನಾನು. ಇದರಲ್ಲಿ ನ್ಯಾಯ ಯಾವುದು? ಯಾರಾದರೂ ನಿಧಾನವಾಗಿ ಬಿಡಿಸಿ ಹೇಳಿ.

ಉತ್ತರ 1

ಬ್ರದರ್, ನಿಮ್ಮ ಪ್ರಶ್ನೆ ಬೈಬಲಿಗೂ ಹೊಸದಲ್ಲ. ಅದನ್ನೇ ಮೊದಲು ಹೇಳಬೇಕು ಅನ್ನಿಸಿತು. ವಿಮೋಚನಕಾಂಡ 34ರಲ್ಲಿ ದೇವರು ಮೋಶೆಗೆ ತನ್ನ ಹೆಸರನ್ನು ತಾನೇ ಸಾರುತ್ತಾನೆ. ಕನಿಕರ ಉಳ್ಳವನು, ತಡವಾಗಿ ಕೋಪಗೊಳ್ಳುವವನು, ಪಾಪಗಳನ್ನು ಕ್ಷಮಿಸುವವನು ಅಂತ ಹೇಳುತ್ತಾ ಹೋಗಿ, ಅದರ ಬೆನ್ನಿಗೇ ಅಪರಾಧಿಯನ್ನು ಶಿಕ್ಷಿಸದೆ ಬಿಡುವವನಲ್ಲ ಎನ್ನುತ್ತಾನೆ. ಎರಡೂ ಅಕ್ಕಪಕ್ಕ. ನಡುವೆ ವಿವರಣೆ ಇಲ್ಲ.

ಯೇಸುವಿನ ಅಪೊಸ್ತಲನಾದ ಪೌಲ ಇದನ್ನು ರೋಮಾಪುರದವರಿಗೆ ಬರೆದ ಪತ್ರದ 3ನೇ ಅಧ್ಯಾಯದಲ್ಲಿ ನೇರವಾಗಿ ಎತ್ತಿಕೊಳ್ಳುತ್ತಾನೆ. ಹಿಂದಿನ ಕಾಲದ ಪಾಪಗಳನ್ನು ದೇವರು ಸಹಿಸಿಕೊಂಡು ಬಿಟ್ಟಿದ್ದ, ಹಾಗಾದರೆ ಅವನ ನ್ಯಾಯದ ಗತಿ ಏನು ಎಂಬ ಅನುಮಾನಕ್ಕೆ ಶಿಲುಬೆಯೇ ಉತ್ತರ ಎನ್ನುತ್ತಾನೆ. ದೇವರು ತಾನೂ ನೀತಿವಂತನಾಗಿ ಉಳಿಯಬೇಕು, ಯೇಸುವನ್ನು ನಂಬುವವನನ್ನು ನೀತಿವಂತ ಎಂದೂ ನಿರ್ಣಯಿಸಬೇಕು. 26ನೇ ವಚನದಲ್ಲಿ ಎರಡೂ ಒಂದೇ ವಾಕ್ಯದಲ್ಲಿವೆ.

ಅಲ್ಲಿ ಒಂದು ಪದದ ಮೇಲೆ ನಾನು ವರ್ಷಗಟ್ಟಲೆ ನಿಂತಿದ್ದೇನೆ. 25ನೇ ವಚನದಲ್ಲಿ ಪೌಲ ಬಳಸುವ ಗ್ರೀಕ್ ಪದ ಹಿಲಸ್ತೇರಿಯೊನ್. ಹಳೇ ಒಡಂಬಡಿಕೆಯ ಗ್ರೀಕ್ ಅನುವಾದದಲ್ಲಿ ಇದೇ ಪದ ಇಸ್ರಾಯೇಲರ ಪವಿತ್ರ ಪೆಟ್ಟಿಗೆಯಾದ ಮಂಜೂಷದ ಮುಚ್ಚಳಕ್ಕೆ ಬರುತ್ತದೆ, ನಮ್ಮ ಬೈಬಲಿನಲ್ಲಿ ಕೃಪಾಸನ ಅಂತ ಇದೆಯಲ್ಲ, ಅದಕ್ಕೆ. ಪೌಲ ಇಲ್ಲಿ ಹೇಳುವುದು ಆ ಮುಚ್ಚಳವನ್ನೇ ಅಥವಾ ದೋಷಪರಿಹಾರದ ಬಲಿಯನ್ನು ಎಂಬ ಚರ್ಚೆ ಪಂಡಿತರಲ್ಲಿ ಇನ್ನೂ ಇದೆ. ನನಗೆ ಮುಚ್ಚಳ ಎಂದೇ ಓದುವುದು ಸರಿ ಅನ್ನಿಸುತ್ತದೆ.

ಆ ಮುಚ್ಚಳವನ್ನು ಸ್ವಲ್ಪ ಹತ್ತಿರದಿಂದ ನೋಡಿ. ಚೊಕ್ಕ ಬಂಗಾರ, ಎರಡೂವರೆ ಮೊಳ ಉದ್ದ, ಒಂದೂವರೆ ಮೊಳ ಅಗಲ. ಎರಡು ತುದಿಗೂ ರೆಕ್ಕೆ ಚಾಚಿದ ಕೆರೂಬಿಗಳು ಎಂಬ ದೇವದೂತರ ಆಕೃತಿಗಳು, ಎರಡರ ಮುಖವೂ ಮುಚ್ಚಳದ ಕಡೆಗೆ. ಒಳಗಡೆ ಏನಿದೆ? ಆಜ್ಞೆಗಳ ಕಲ್ಲಿನ ಹಲಗೆಗಳು. ಕೊಲ್ಲಬೇಡ, ಕದಿಯಬೇಡ, ಸುಳ್ಳು ಸಾಕ್ಷಿ ಹೇಳಬೇಡ. ನಿಮ್ಮ ಅಣ್ಣ ಮುರಿದದ್ದು ಅದನ್ನೇ ಅಲ್ವಾ. ವರ್ಷಕ್ಕೆ ಒಂದು ದಿನ ಮಹಾಯಾಜಕ ತನ್ನ ವೈಭವದ ಉಡುಪು ಬಿಚ್ಚಿಟ್ಟು, ಸಾದಾ ನಾರಿನ ಬಟ್ಟೆ ಹಾಕಿಕೊಂಡು, ಎರಡು ಬೊಗಸೆ ಧೂಪ ಹಿಡಿದು, ಆ ಪೆಟ್ಟಿಗೆಯನ್ನು ಮರೆಮಾಡಿದ ಪರದೆಯ ಒಳಗೆ ಹೋಗುತ್ತಾನೆ. ಹೊಗೆ ಕೃಪಾಸನವನ್ನು ಮುಚ್ಚದಿದ್ದರೆ ಅವನು ಸಾಯುತ್ತಾನೆ. ಆ ಹೊಗೆಯಲ್ಲಿ ಬೆರಳಿನಿಂದ ರಕ್ತ ಚಿಮುಕಿಸುತ್ತಾನೆ. ಯಾಜಕಕಾಂಡ 16ರಲ್ಲಿ ಇದೆಲ್ಲ ಇದೆ. ಆಜ್ಞೆ ಕೆಳಗಡೆ ಹಾಗೇ ಇರುತ್ತದೆ, ಯಾರೂ ಅದನ್ನು ತೆಗೆದು ಆಚೆ ಬಿಸಾಡುವುದಿಲ್ಲ. ಕೃಪೆ ಸಿಗುವುದು ಆಜ್ಞೆ ಇಲ್ಲದ ಇನ್ಯಾವುದೋ ಜಾಗದಲ್ಲಿ ಅಲ್ಲ, ಅದೇ ಆಜ್ಞೆಯ ಮೇಲೆ.

ಪರದೆಯ ಹಿಂದೆ ವರ್ಷಕ್ಕೊಮ್ಮೆ ಒಬ್ಬನೇ ಒಬ್ಬ ನೋಡುತ್ತಿದ್ದದ್ದನ್ನು ದೇವರು ಎಲ್ಲರ ಕಣ್ಣೆದುರಿಗೆ ಇಟ್ಟ ಅಂತ ಪೌಲ ಹೇಳುತ್ತಿದ್ದಾನೆ. ಯೇಸು ಪ್ರಾಣ ಬಿಟ್ಟಾಗ ಆ ಪರದೆ ಮೇಲಿಂದ ಕೆಳಗೆ ಹರಿಯಿತು ಎಂದು ಮಾರ್ಕ ಬರೆದದ್ದು ಸುಮ್ನೆ ಅಲ್ಲ.

ಉತ್ತರ 2

ನಾನು ಸಭೆಯಲ್ಲಿ ಬೆಳೆದು ಆಚೆ ಬಂದವಳು. ಯಾರನ್ನೂ ನೋಯಿಸಲು ಬರೆಯುತ್ತಿಲ್ಲ, ಆದರೆ ಉತ್ತರ 1ರಲ್ಲಿ ಚಿತ್ರ ಚೆನ್ನಾಗಿದೆ, ಪ್ರಶ್ನೆ ಹಾಗೇ ಉಳಿದಿದೆ.

ವಿಮೋಚನಕಾಂಡ 23ರಲ್ಲಿ ನಿರಪರಾಧಿಯನ್ನು ಕೊಲ್ಲಿಸಬೇಡಿ, ದುಷ್ಟನನ್ನು ನಾನು ನಿರಪರಾಧಿ ಎನ್ನುವುದಿಲ್ಲ ಎಂದು ದೇವರೇ ಹೇಳುತ್ತಾನೆ. ಜ್ಞಾನೋಕ್ತಿ 17ರಲ್ಲಿ ಕೆಟ್ಟವನನ್ನು ಬಿಡುಗಡೆ ಮಾಡುವುದೂ ಒಳ್ಳೆಯವನನ್ನು ಅಪರಾಧಿ ಮಾಡುವುದೂ ಎರಡೂ ಅವನಿಗೆ ಅಸಹ್ಯ. ತಂದೆಯ ಪಾಪವನ್ನು ಮಗ ಹೊರಬೇಕಿಲ್ಲ, ಮಗನ ಪಾಪವನ್ನು ತಂದೆ ಹೊರಬೇಕಿಲ್ಲ ಎಂದು ಯೆಹೆಜ್ಕೇಲ 18. ಆಮೇಲೆ ಅದೇ ಪೌಲ ರೋಮಾ 4ರಲ್ಲಿ ದೇವರನ್ನು ಭಕ್ತಿಹೀನನನ್ನು ನೀತಿವಂತ ಎಂದು ನಿರ್ಣಯಿಸುವವನು ಎಂದು ಕರೆಯುತ್ತಾನೆ. ದೇವರು ಮನುಷ್ಯರಿಗೆ ಬೇಡ ಎಂದದ್ದನ್ನು ತಾನೇ ಮಾಡಿದ ಹಾಗಾಯಿತಲ್ಲ?

ಇದನ್ನು ಕೇಳಿದ್ದು ನಾನೊಬ್ಬಳೇ ಅಲ್ಲ. 16ನೇ ಶತಮಾನದಲ್ಲಿ ಫೌಸ್ತುಸ್ ಸೊಸಿನುಸ್ ಎಂಬ ಇಟಲಿಯವನು ಇದೇ ವಾದವನ್ನು ಪೂರ್ತಿಯಾಗಿ ಬರೆದಿಟ್ಟ. ಸಾಲ ಪೂರ್ತಿ ತೀರಿದ್ದರೆ ಅದು ಕ್ಷಮೆ ಅಲ್ಲ, ವಸೂಲಿ. ಕ್ಷಮಿಸಿದ್ದರೆ ತೀರಿಸುವ ಅಗತ್ಯವೇ ಇರಲಿಲ್ಲ. ಹಣದ ಸಾಲವನ್ನಾದರೂ ಇನ್ನೊಬ್ಬ ತೀರಿಸಬಹುದು, ಅಪರಾಧವನ್ನು ಒಬ್ಬನ ತಲೆಯಿಂದ ತೆಗೆದು ಇನ್ನೊಬ್ಬನ ತಲೆಗೆ ಹಾಕಲು ಆಗುವುದಿಲ್ಲ. ಇದಕ್ಕೆ ನನಗೆ ಇವತ್ತಿಗೂ ತೃಪ್ತಿಯಾಗುವ ಉತ್ತರ ಸಿಕ್ಕಿಲ್ಲ. ನಾನು ಆಚೆ ಬಂದ ಕಾರಣಗಳಲ್ಲಿ ಇದೂ ಒಂದು.

ಪ್ರಶ್ನೆ ಕೇಳಿದವರಿಗೆ: ನಿಮ್ಮ ಅಮ್ಮ ಹೇಳಿದ್ದು ನನಗೆ ತುಂಬಾ ಪರಿಚಿತ ಮಾತು. ನೋವು ತಿಂದವರ ಬಾಯಿ ಮುಚ್ಚಿಸಲು "ದೇವರು ಕ್ಷಮಿಸಿದ್ದಾನೆ" ಅನ್ನುವುದಕ್ಕಿಂತ ಸುಲಭದ ದಾರಿ ಇಲ್ಲ.

ಉತ್ತರ 3

ಉತ್ತರ 2ರ ಸಹೋದರಿ, ನಿಮ್ಮ ಆಕ್ಷೇಪಣೆ ಗಟ್ಟಿಯಾಗಿದೆ, ಅದನ್ನು ಹಗುರ ಮಾಡುವುದಿಲ್ಲ. ಆದರೆ ಅದು ತಾಗುವುದು ಒಂದು ಬಗೆಯ ವಿವರಣೆಗೆ. ನ್ಯಾಯಾಧೀಶ ಒಬ್ಬ, ಅಪರಾಧಿ ಒಬ್ಬ, ನಡುವೆ ಬೀದಿಯಲ್ಲಿ ಹೋಗುತ್ತಿದ್ದ ಮೂರನೆಯವನೊಬ್ಬನನ್ನು ಹಿಡಿದು ಶಿಕ್ಷಿಸಿದ ಹಾಗೆ ಚಿತ್ರ ಬರೆದರೆ ನೀವು ಹೇಳಿದ್ದೆಲ್ಲ ನಿಜ. ಅಂಥ ದೇವರನ್ನು ನಾನೂ ನಂಬಲಾರೆ.

ಒಂದು ಮಾತು ಜಾಸ್ತಿ ಜನಕ್ಕೆ ಗೊತ್ತಿರುವುದಿಲ್ಲ. ಕ್ರಿಸ್ತ ದೇವರೂ ಮನುಷ್ಯನೂ ಹೌದು ಎಂದು ಹಳೆಯ ಸಭಾ ಪರಿಷತ್ತುಗಳು ಕೂತು ತೀರ್ಮಾನಿಸಿದವು. ಆದರೆ ಶಿಲುಬೆ ಹೇಗೆ ರಕ್ಷಿಸುತ್ತದೆ ಎಂಬುದಕ್ಕೆ ಒಂದೇ ವಿವರಣೆಯನ್ನು ಅವು ಕಟ್ಟಿಕೊಡಲಿಲ್ಲ. ಆ ಪರಿಷತ್ತುಗಳಿಂದ ಬಂದ ನೈಸಿಯಾದ ವಿಶ್ವಾಸ ಪ್ರಮಾಣದಲ್ಲಿ "ನಮಗಾಗಿ, ನಮ್ಮ ರಕ್ಷಣೆಗಾಗಿ" ಎಂದಿದೆ, ಅಷ್ಟೇ.

4ನೇ ಶತಮಾನದ ಅಲೆಕ್ಸಾಂಡ್ರಿಯಾದ ಬಿಷಪ್ ಅಥನೇಸಿಯಸ್ ಈ ಗಂಟನ್ನು ಬೇರೆ ಕಡೆಯಿಂದ ಬಿಚ್ಚುತ್ತಾನೆ. ಪಾಪ ಮಾಡಿದರೆ ಸಾಯುತ್ತೀರಿ ಎಂದು ದೇವರು ಹೇಳಿಯಾಗಿದೆ. ಸಾಯದಿದ್ದರೆ ದೇವರ ಮಾತು ಸುಳ್ಳಾಗುತ್ತದೆ. ಹಾಗಂತ ತನ್ನ ಕೈಯಾರೆ ಮಾಡಿದ, ತನ್ನ ಸ್ವರೂಪವನ್ನೇ ಕೊಟ್ಟ ಮನುಷ್ಯ ಕೊಳೆತು ಹೋಗುವುದನ್ನು ಸುಮ್ಮನೆ ನೋಡುತ್ತಾ ಕೂತರೆ ಅದು ಅವನ ಒಳ್ಳೆಯತನಕ್ಕೆ ತಕ್ಕದ್ದಲ್ಲ. ಪಶ್ಚಾತ್ತಾಪ ಸಾಕಲ್ಲವಾ ಎಂದು ಅವನೇ ಕೇಳಿಕೊಳ್ಳುತ್ತಾನೆ. ಸಾಲದು ಎನ್ನುತ್ತಾನೆ. ಪಶ್ಚಾತ್ತಾಪ ಮುಂದಿನ ತಪ್ಪನ್ನು ನಿಲ್ಲಿಸಬಹುದು, ಆಗಲೇ ಒಳಗೆ ಹಿಡಿದಿರುವ ಕೊಳೆಯನ್ನು ತೆಗೆಯುವುದಿಲ್ಲ. ಅದಕ್ಕೇ ಯಾರು ಮೊದಲು ಮನುಷ್ಯನನ್ನು ಮಾಡಿದನೋ ಅವನೇ ಒಂದು ದೇಹ ತೆಗೆದುಕೊಂಡು, ಆ ಸಾವಿನ ಒಳಗೆ ಹೋಗಿ, ಅದನ್ನು ಒಳಗಿಂದ ಮುರಿದು ಎದ್ದು ಬಂದ. ಇಲ್ಲಿ ನ್ಯಾಯ ಎಂದರೆ ಶಿಕ್ಷೆಯ ಪ್ರಮಾಣ ಅಲ್ಲ, ದೇವರು ತನ್ನ ಮಾತಿಗೂ ತನ್ನ ಸೃಷ್ಟಿಗೂ ನಿಷ್ಠನಾಗಿರುವುದು.

ಆಮೇಲೆ ಅನ್ಸೆಲ್ಮ್, 1098ರಲ್ಲಿ ದೇವರು ಯಾಕೆ ಮನುಷ್ಯನಾದ ಎಂಬ ಪುಸ್ತಕ ಮುಗಿಸಿದವನು. ಅವನನ್ನು ಬದಲಿ ಶಿಕ್ಷೆಯ, ಅಂದರೆ ನಮ್ಮ ಬದಲು ಕ್ರಿಸ್ತ ಶಿಕ್ಷೆ ತಿಂದ ಎಂಬ ವಾದದ, ಅಪ್ಪ ಎಂದು ಬೈಯುವುದುಂಟು, ಅದು ತಪ್ಪು. ಒಂದೋ ಶಿಕ್ಷೆ, ಇಲ್ಲವೋ ಪರಿಹಾರ ಎಂದು ಅವನು ಎರಡನ್ನೂ ಬೇರೆ ಇಡುತ್ತಾನೆ. ಅವನ ಲೆಕ್ಕದಲ್ಲಿ ಕ್ರಿಸ್ತನಿಗೆ ಆದದ್ದು ಶಿಕ್ಷೆ ಅಲ್ಲ. ಕ್ರಿಸ್ತ ತಾನು ಕೊಡಬೇಕಿಲ್ಲದ್ದನ್ನು ಪ್ರೀತಿಯಿಂದ ಕೊಟ್ಟ, ಮನುಷ್ಯ ಕಿತ್ತುಕೊಂಡ ಗೌರವವನ್ನು ಮನುಷ್ಯನಾಗಿ ನಿಂತು ಹಿಂದಿರುಗಿಸಿದ. ಶಿಕ್ಷೆಯ ಭಾಷೆ ಜೋರಾದದ್ದು 16ನೇ ಶತಮಾನದ ಪ್ರೊಟೆಸ್ಟೆಂಟ್ ಸುಧಾರಕರ ಕಾಲದಲ್ಲಿ. ಅವರಲ್ಲಿ ಒಬ್ಬನಾದ ಕ್ಯಾಲ್ವಿನ್ ಕಾನೂನು ಓದಿದವನು, ಅವನ ಬರಹದಲ್ಲಿ ಕೋರ್ಟಿನ ವಾಸನೆ ಇದೆ. ಅದು ಸುಳ್ಳು ಎನ್ನುತ್ತಿಲ್ಲ. ನಮ್ಮ ಪಾಪಕ್ಕಾಗಿ ಪೆಟ್ಟು ತಿಂದ ಸೇವಕನ ಬಗ್ಗೆ ಹೇಳುವ ಯೆಶಾಯ 53 ಓದಿದವರು ಯಾರೂ ಆ ಭಾಷೆಯನ್ನು ಪೂರ್ತಿ ತಳ್ಳಿಹಾಕಲು ಆಗುವುದಿಲ್ಲ. ಆದರೆ ಅದು ಹಲವು ಚಿತ್ರಗಳಲ್ಲಿ ಒಂದು.

13ನೇ ಶತಮಾನದ ದೇವಶಾಸ್ತ್ರಜ್ಞ ಥಾಮಸ್ ಅಕ್ವಿನಾಸ್ ಇನ್ನೂ ಮುಂದೆ ಹೋಗಿ, ದೇವರು ಬೇಕಿದ್ದರೆ ಯಾವ ಪರಿಹಾರವೂ ಇಲ್ಲದೆ ಕ್ಷಮಿಸಬಹುದಿತ್ತು, ಅದು ಅನ್ಯಾಯ ಆಗುತ್ತಿರಲಿಲ್ಲ ಎಂದ. ಕರುಣೆ ನ್ಯಾಯವನ್ನು ಕೆಡಿಸುವುದಿಲ್ಲ, ತುಂಬಿ ಹರಿಸುತ್ತದೆ ಎನ್ನುವುದಕ್ಕೆ ಅವನ ಉದಾಹರಣೆ ತುಂಬಾ ಸರಳ. ನೂರು ನಾಣ್ಯ ಕೊಡಬೇಕಾದವನಿಗೆ ಇನ್ನೂರು ಕೊಟ್ಟರೆ ಯಾರಿಗೆ ಅನ್ಯಾಯ?

ಉತ್ತರ 4

ಅಕ್ವಿನಾಸನ ಆ ಉದಾಹರಣೆ ನನಗೆ ಒಪ್ಪಿಗೆ ಆಗುವುದಿಲ್ಲ. ಇನ್ನೂರು ಕೊಟ್ಟದ್ದು ಕೊಡುವವನ ಜೇಬಿನಿಂದ, ಸರಿ. ಇಲ್ಲಿ ನೂರು ಕಳೆದುಕೊಂಡವನೊಬ್ಬ ಬಾಗಿಲಲ್ಲಿ ನಿಂತಿದ್ದಾನೆ. ಅವನ ಕಥೆ ಏನು? ಪ್ರಶ್ನೆ ಅದೇ ಇದ್ದದ್ದು.

7ನೇ ಶತಮಾನದಲ್ಲಿ ನಿನೆವೆಯ ಬಿಷಪ್ ಆಗಿದ್ದ ಐಸಾಕ್ ದೇವರನ್ನು ನ್ಯಾಯವಂತ ಎಂದು ಕರೆಯಲೇಬೇಡಿ ಎಂದುಬಿಟ್ಟ. ಮನುಷ್ಯರ ಪಾಪವೆಲ್ಲ ದೇವರ ಕರುಣೆಯ ಮುಂದೆ ಮಹಾಸಾಗರಕ್ಕೆ ಎಸೆದ ಒಂದು ಹಿಡಿ ಮರಳು ಎಂದ. ಅದನ್ನು ಓದಿದಾಗಲೆಲ್ಲ ನನ್ನ ಪಾಪ ನೆನೆದು ಅಳು ಬರುತ್ತದೆ. ಆದರೆ ಈ ಸಹೋದರನ ಮುಂದೆ ನಿಂತು ಅದನ್ನು ಹೇಳಲು ನನಗೆ ಬಾಯಿ ಬರುವುದಿಲ್ಲ.

ಉತ್ತರ 5 (ಪ್ರಶ್ನೆ ಕೇಳಿದವನು)

ಎಲ್ಲರಿಗೂ ಥ್ಯಾಂಕ್ಸ್. ಎರಡು ದಿನ ಎಲ್ಲವನ್ನೂ ಮತ್ತೆ ಮತ್ತೆ ಓದಿದೆ. ಉತ್ತರ 4ರವರೇ, ನೀವು ಹೇಳಿದ್ದು ಸರಿಯಾದ ಜಾಗಕ್ಕೆ ಬಿತ್ತು. ನನಗೆ ಅಣ್ಣ ನರಕಕ್ಕೆ ಹೋಗಬೇಕು ಅಂತಿಲ್ಲ. ನಿಜ ಹೇಳಬೇಕೆಂದರೆ ಆಸ್ತಿ ವಾಪಸ್ ಬರುತ್ತದೆ ಎಂಬ ಆಸೆಯೂ ಹೋಗಿದೆ. ಅದು ನಡೆದೇ ಇಲ್ಲ ಎಂಬಂತೆ ಎಲ್ಲರೂ ಇದ್ದಾರಲ್ಲ, ಅದು ತಡೆಯಲು ಆಗುತ್ತಿಲ್ಲ. ಹಬ್ಬಕ್ಕೆ ಹೋದರೆ ಅವನು ಊಟದ ಮೊದಲು ಪ್ರಾರ್ಥನೆ ಮಾಡುತ್ತಾನೆ. ಎಲ್ಲರೂ ಆಮೆನ್ ಎನ್ನುತ್ತಾರೆ. ನನಗೆ ಅನ್ನ ಇಳಿಯುವುದಿಲ್ಲ.

ಉತ್ತರ 6

ನಾನು ನಿಮ್ಮ ಅಣ್ಣನ ಜಾಗದಲ್ಲಿ ಇದ್ದವನು. ಕೆಲಸದಲ್ಲಿ ಜೊತೆಗಾರನೊಬ್ಬ ನನ್ನನ್ನು ನಂಬಿ ಲೆಕ್ಕ ಬಿಟ್ಟುಕೊಟ್ಟಿದ್ದ, ನಾನು ಅವನಿಗೆ ಮೋಸ ಮಾಡಿದೆ. ಆಮೇಲೆ ನಂಬಿಕೆಗೆ ಬಂದೆ. ನಾನೂ ಸಾಕ್ಷಿ ಹೇಳಿದೆ, ನಾನೂ ಅತ್ತೆ, ಆ ಕಣ್ಣೀರು ಸುಳ್ಳಲ್ಲ. ಆದರೆ ಒಂದು ವರ್ಷ ಪೂರ್ತಿ ಅವನ ಮನೆಯ ದಾರಿ ತಪ್ಪಿಸಿ ಓಡಾಡಿದೆ. ದೇವರು ಕ್ಷಮಿಸಿದ್ದಾನೆ ಎನ್ನುವುದನ್ನು ನಾನು ಅಡಗಿಕೊಳ್ಳುವ ಜಾಗ ಮಾಡಿಕೊಂಡಿದ್ದೆ.

ಒಂದು ದಿನ ಯಾಜಕಕಾಂಡ 6 ಓದುತ್ತಿದ್ದೆ, ಬೇರೆ ಏನೋ ಹುಡುಕುತ್ತಾ. ಒಬ್ಬ ತನ್ನ ನೆರೆಯವನಿಗೆ ಮೋಸ ಮಾಡಿದರೆ, ಸುಳ್ಳಾಣೆ ಇಟ್ಟರೆ, ತೆಗೆದುಕೊಂಡದ್ದನ್ನು ಪೂರ್ತಿ ಹಿಂದಿರುಗಿಸಬೇಕು, ಮೇಲೆ ಐದನೆಯ ಒಂದು ಪಾಲು ಸೇರಿಸಿ ಕೊಡಬೇಕು. ಅದನ್ನು ಕೊಟ್ಟು, ಆಮೇಲೆ ಟಗರನ್ನು ಯಾಜಕನ ಹತ್ತಿರ ತರಬೇಕು. ಅಲ್ಲಿ ಬರೆದಿರುವ ಕ್ರಮ ಅದು. ಪುಸ್ತಕ ಮುಚ್ಚಿಟ್ಟೆ, ಆ ರಾತ್ರಿ ನಿದ್ದೆ ಬರಲಿಲ್ಲ. ಯೇಸುವೂ ಮತ್ತಾಯ 5ರಲ್ಲಿ ಕಾಣಿಕೆಯನ್ನು ಯಜ್ಞವೇದಿಯ ಮುಂದೆಯೇ ಬಿಟ್ಟು ಹೋಗು, ಮೊದಲು ನಿನ್ನ ಸಹೋದರನ ಜೊತೆ ಒಂದಾಗು ಎನ್ನುತ್ತಾನೆ. ಉತ್ತರ 1ರಲ್ಲಿ ಬಂದ ವರ್ಷಕ್ಕೊಮ್ಮೆಯ ಆ ದೋಷಪರಿಹಾರಕ ದಿನದ ಬಗ್ಗೆ ಯೆಹೂದ್ಯರ ಹಳೆಯ ಧರ್ಮನಿಯಮಗಳ ಸಂಗ್ರಹವಾದ ಮಿಷ್ನಾದಲ್ಲೂ ಹೀಗೇ ಇದೆಯಂತೆ, ಮನುಷ್ಯ ಮನುಷ್ಯನಿಗೆ ಮಾಡಿದ ತಪ್ಪಿಗೆ ಅವನನ್ನು ಸಮಾಧಾನ ಮಾಡುವವರೆಗೂ ಆ ದಿನ ಪರಿಹಾರ ತರುವುದಿಲ್ಲ.

ಅಂದರೆ ಹಣ ಕೊಟ್ಟು ರಕ್ಷಣೆ ಕೊಂಡುಕೊಂಡೆ ಎಂದಲ್ಲ. ಲೂಕ 19ರಲ್ಲಿ ಸುಂಕ ವಸೂಲಿ ಮಾಡುತ್ತಿದ್ದ ಜಕ್ಕಾಯನ ಮನೆಗೆ ಯೇಸು ಹೋದದ್ದು ಅವನು ಏನೂ ಕೊಡುವ ಮೊದಲೇ. ಕೃಪೆ ಮೊದಲು ಬಂತು. ಆದರೆ ಅದು ಒಳಗೆ ಬಂದ ಮೇಲೆ ಅವನು ಎದ್ದು ನಿಂತು, ಅನ್ಯಾಯವಾಗಿ ತೆಗೆದುಕೊಂಡಿದ್ದರೆ ನಾಲ್ಕರಷ್ಟು ಕೊಡುತ್ತೇನೆ ಎಂದ. ಇವತ್ತು ಈ ಮನೆಗೆ ರಕ್ಷಣೆ ಬಂತು ಎಂದು ಯೇಸು ಹೇಳಿದ್ದು ಆ ಮಾತು ಕೇಳಿದ ಮೇಲೆ. ಕರುಣೆಯೇ ಅವನನ್ನು ನ್ಯಾಯವಂತನನ್ನಾಗಿ ಮಾಡಿತು.

ನಾನು ಹೋಗಿ ಬಾಗಿಲು ತಟ್ಟಿದೆ. ಅವನು ಒಳಗೆ ಕರೆಯಲಿಲ್ಲ. ಹೊಸ್ತಿಲಲ್ಲೇ ನಿಂತು ಎಲ್ಲವನ್ನೂ ಹೇಳಿದೆ, ಎಷ್ಟು, ಯಾವಾಗ, ಹೇಗೆ. ತೀರಿಸಲು ಎರಡು ವರ್ಷ ಹಿಡಿಯಿತು. ಅವನು ಇವತ್ತಿಗೂ ನನ್ನ ಜೊತೆ ಜಾಸ್ತಿ ಮಾತಾಡುವುದಿಲ್ಲ. ಅದು ಅವನ ಹಕ್ಕು.

ಉತ್ತರ 7

ಉತ್ತರ 1 ಬರೆದವನೇ ಮತ್ತೆ ಬಂದಿದ್ದೇನೆ. ಮೇಲಿನದನ್ನು ಓದಿ ಸ್ವಲ್ಪ ಹೊತ್ತು ಏನೂ ಬರೆಯಲು ಆಗಲಿಲ್ಲ. ನಾನು ಕೃಪಾಸನದ ಅಳತೆ ಹೇಳಿದೆ, ಈ ಸಹೋದರ ಅದರ ಮುಂದೆ ನಿಂತು ಬಂದಿದ್ದಾರೆ.

ಉತ್ತರ 2ರ ಸಹೋದರಿಯ ಪ್ರಶ್ನೆಗೆ ನನಗೆ ತಿಳಿದಷ್ಟು. ಸಾಲ ಬಿಟ್ಟರೆ ಯಾರೂ ತೀರಿಸುವುದಿಲ್ಲ, ತೀರಿಸಿದರೆ ಬಿಟ್ಟ ಹಾಗಲ್ಲ ಎಂದು ಸೊಸಿನುಸ್ ಹೇಳಿದ. ಮತ್ತಾಯ 18ರ ಕಥೆ ತೆಗೆದುಕೊಳ್ಳಿ. ಆಳು ರಾಜನಿಗೆ 10,000 ತಲಾಂತು ಕೊಡಬೇಕಿತ್ತು. ಒಂದು ತಲಾಂತು ಎಂದರೆ ಸುಮಾರು 6,000 ದಿನದ ಕೂಲಿ. ಒಟ್ಟು ಆರು ಕೋಟಿ ದಿನ. ರಾಜ ಬಿಟ್ಟುಬಿಟ್ಟ. ಆ ಹಣ ಎಲ್ಲಿ ಹೋಯಿತು? ಮಾಯ ಆಗಲಿಲ್ಲ. ಅಷ್ಟೂ ರಾಜನ ತಲೆಯ ಮೇಲೆ ಬಂತು. ಕ್ಷಮಿಸುವುದು ಎಂದರೆ ನಷ್ಟವನ್ನು ಕ್ಷಮಿಸುವವನು ತಾನೇ ಹೊರುವುದು, ಬೇರೆ ದಾರಿಯೇ ಇಲ್ಲ. ಹಾಗಾಗಿ ತೀರಿಸುವುದೂ ಬಿಡುವುದೂ ಬೇರೆ ಬೇರೆ ಅಲ್ಲ, ಹೊರುವವನು ಯಾರು ಎಂಬುದಷ್ಟೇ ಪ್ರಶ್ನೆ. ಶಿಲುಬೆಯ ಮೇಲೆ ಇರುವವನು ಮೂರನೆಯವನಾಗಿದ್ದರೆ ಅದು ಘೋರ ಅನ್ಯಾಯ, ನೀವು ಹೇಳಿದ್ದು ನೂರಕ್ಕೆ ನೂರು ಸರಿ. ಆದರೆ ದೇವರು ಕ್ರಿಸ್ತನಲ್ಲಿದ್ದು ಲೋಕವನ್ನು ತನ್ನೊಂದಿಗೆ ಸಮಾಧಾನಪಡಿಸಿಕೊಂಡ ಎನ್ನುತ್ತಾನೆ ಪೌಲ. ಹೊತ್ತವನು ಕ್ಷಮಿಸುವವನೇ.

ಅಪರಾಧ ಒಬ್ಬನಿಂದ ಇನ್ನೊಬ್ಬನಿಗೆ ಹೇಗೆ ದಾಟುತ್ತದೆ ಎಂಬುದಕ್ಕೆ ಇದು ಪೂರ್ತಿ ಉತ್ತರ ಅಲ್ಲ, ಒಪ್ಪುತ್ತೇನೆ. ಕ್ರಿಸ್ತನ ಜೊತೆ ಒಂದಾಗುವುದು, ಅವನ ಜೊತೆ ಸತ್ತು ಅವನ ಜೊತೆ ಏಳುವುದು ಅಂತ ಪೌಲ ರೋಮಾ 6ರಲ್ಲಿ ಹೇಳುತ್ತಾನಲ್ಲ, ಅದಿಲ್ಲದೆ ಬರೀ ಲೆಕ್ಕದ ಭಾಷೆ ಇಟ್ಟುಕೊಂಡರೆ ನಿಮ್ಮ ಆಕ್ಷೇಪಣೆಗೆ ಉತ್ತರ ಇಲ್ಲ. ಗಂಡ ಹೆಂಡತಿ ಒಬ್ಬರ ಸಾಲವನ್ನು ಇನ್ನೊಬ್ಬರು ತಮ್ಮದೇ ಎಂದು ಹೊರುತ್ತಾರಲ್ಲ, ಹಾಗೆ. ಅಪರಿಚಿತರ ನಡುವೆ ಅದು ಆಗುವುದಿಲ್ಲ.

ಈಗ ಪ್ರಶ್ನೆ ಕೇಳಿದ ಸಹೋದರರಿಗೆ. ಅದೇ ಕಥೆಯಲ್ಲಿ ಆಳಿಗೆ ಇನ್ನೊಬ್ಬ ಆಳು 100 ದಿನಾರಿ ಕೊಡಬೇಕಿತ್ತು. ಆರು ಕೋಟಿಯ ಮುಂದೆ ಅದು ಏನೂ ಅಲ್ಲ ಎಂದು ನಾವು ಪ್ರಸಂಗದಲ್ಲಿ ಹೇಳಿಬಿಡುತ್ತೇವೆ. ನಾನೇ ಹಾಗೆ ಹೇಳಿದ್ದೇನೆ. ಆದರೆ 100 ದಿನಾರಿ ಎಂದರೆ ನೂರು ದಿನದ ಕೂಲಿ, ಮೂರು ತಿಂಗಳಿಗೂ ಮೇಲೆ ಒಬ್ಬನ ಬೆವರು. ಯೇಸು ಬೇಕಿದ್ದರೆ ಎರಡು ಕಾಸು ಎನ್ನಬಹುದಿತ್ತು, ಅನ್ನಲಿಲ್ಲ. ನಿಮಗೆ ಆದ ನಷ್ಟ ನಿಜವಾದ ನಷ್ಟ. ಅದನ್ನು ಯೇಸು ಚಿಕ್ಕದು ಮಾಡಲಿಲ್ಲ, ನಿಮ್ಮ ಮನೆಯವರೂ ಮಾಡಬಾರದು. ಕ್ಷಮಿಸಲು ಮೊದಲು ಮೊತ್ತ ಗೊತ್ತಿರಬೇಕು. ಆ ರಾಜನೂ ಮೊದಲು ಲೆಕ್ಕ ತೆಗೆಸಿದ, ಆಮೇಲೆ ಬಿಟ್ಟ.

ಉತ್ತರ 8 (ಉತ್ತರ 2 ಬರೆದವಳು)

ಗಂಡ ಹೆಂಡತಿ ಸಾಲದ ಮಾತಿಗೆ ನನ್ನ ತಕರಾರು ಇನ್ನೂ ಇದೆ, ಹಣ ಬೇರೆ, ಅಪರಾಧ ಬೇರೆ. ಆದರೆ ಮೊದಲು ಲೆಕ್ಕ ತೆಗೆಸಿದ ಎನ್ನುವುದನ್ನು ನಾನು ಸಭೆಯಲ್ಲಿ ಇದ್ದ ಅಷ್ಟು ವರ್ಷದಲ್ಲಿ ಒಬ್ಬರ ಬಾಯಲ್ಲೂ ಕೇಳಿರಲಿಲ್ಲ. ಕೇಳಿದ್ದರೆ ಇನ್ನೂ ಸ್ವಲ್ಪ ದಿನ ಕೂತಿರುತ್ತಿದ್ದೆನೋ ಏನೋ. ಉತ್ತರ 6ರವರೇ, ನೀವು ಹೊಸ್ತಿಲಲ್ಲಿ ನಿಂತದ್ದಕ್ಕೆ ನನ್ನ ನಮಸ್ಕಾರ.

ಉತ್ತರ 9 (ಪ್ರಶ್ನೆ ಕೇಳಿದವನು)

ನಿನ್ನೆ ರಾತ್ರಿ ಅಮ್ಮನಿಗೆ ಉತ್ತರ 6 ಓದಿ ಹೇಳಿದೆ. ಅವರು ಏನೂ ಮಾತಾಡಲಿಲ್ಲ. ಆಮೇಲೆ, "ಆ ಕಾಗದ ತೋರಿಸು" ಎಂದರು. ಆರು ವರ್ಷದಲ್ಲಿ ಅವರು ಅದನ್ನು ನೋಡಿರಲಿಲ್ಲ, ನೋಡಲು ಒಪ್ಪಿರಲಿಲ್ಲ. ಕನ್ನಡಕ ಹಾಕಿಕೊಂಡು ತುಂಬಾ ಹೊತ್ತು ನೋಡಿದರು. ಆ ಬಾಲದ ಮೇಲೆ ಬೆರಳಿಟ್ಟು, "ಇದು ನಿನ್ನದಲ್ಲ" ಎಂದರು. ಅಷ್ಟೇ ಹೇಳಿದ್ದು. ನನಗೆ ಅಳು ತಡೆಯಲು ಆಗಲಿಲ್ಲ.

ಭಾನುವಾರ ಅಣ್ಣ ಮನೆಗೆ ಬರುತ್ತಾನೆ. ಅಮ್ಮನೇ ಬರಲು ಹೇಳಿದ್ದಾರೆ. ಹಣದ ಮಾತು ನಾನು ಎತ್ತುವುದಿಲ್ಲ, ಅದು ಅವನಿಗೆ ಬಿಟ್ಟದ್ದು. ಕಾಗದವನ್ನು ಮೇಜಿನ ಮೇಲೆ ಇಡುತ್ತೇನೆ. ಈ ಸಹಿ ನೀನು ಹಾಕಿದ್ದು ಎಂದು ಅಮ್ಮನ ಮುಂದೆ ಹೇಳು ಎಂದು ಕೇಳುತ್ತೇನೆ. ಅವನು ಹೇಳಿದರೆ ಆಮೇಲೆ ಆ ಕಾಗದವನ್ನು ಏನು ಮಾಡಬೇಕು ಎಂಬುದನ್ನು ಯೋಚಿಸಿ ಇಟ್ಟಿದ್ದೇನೆ. ಹೇಳದಿದ್ದರೆ ಏನು ಮಾಡುತ್ತೇನೆ ಎಂದು ಗೊತ್ತಿಲ್ಲ. ಪ್ರಾರ್ಥನೆ ಮಾಡುವವರು ಮಾಡಿ.